ಬಿಚ್ಚಬೇಡಿ ಎಂದು ಬರೆದ ಪಾರ್ಸೆಲ್ಲುಗಳು

ಅಂಚೆ ಕಚೇರಿಯ ಕೌಂಟರಿನ ಹೆಂಗಸು ನನ್ನ ಡಬ್ಬದ ಮೇಲಿನ ವಿಳಾಸವನ್ನು ಓದಿ, ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದಳು. ಕಳಿಸುವವಳು ನಾನು. ತೆಗೆದುಕೊಳ್ಳುವವಳೂ ನಾನೇ. ನಡುವೆ ಬೈಂದೂರಿನ ಒಂದು ಮನೆ.

"ನಿಮ್ಗೆ ನೀವೇ ಕಳ್ಸ್ಕಂಬುದಾ?"

"ಹೌದ್. ನಾನ್ ನಡ್ಕಂಡ್ ಹೋತೆ. ಇದ್ ಮುಂಚೆ ಹೋಯಿ ಅಲ್ಲಿ ಕೂಕಂತ್."

"ಬೈಂದೂರಿಗೆ ನಡ್ಕಂಡಾ? ಬಸ್ಸಿಗೆಂತ ಆಯ್ತ್?"

ಬಸ್ಸಿಗೆ ಏನೂ ಆಗಿರಲಿಲ್ಲ. ಆದದ್ದು ನನ್ನ ಗೆಳತಿಗೆ. ಕುಂದಾಪುರದಲ್ಲಿ ನಮ್ಮ ಮನೆ, ಅವಳ ಮನೆ ಒಂದೇ ಓಣಿ. ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿ ನಿವೃತ್ತಳಾದವಳು. ಶಾಲೆ ಬಿಟ್ಟರೂ ಕೊರಳಿನ ಸೀಟಿ ಬಿಡಲಿಲ್ಲ. ಬೆಳಿಗ್ಗೆ ಕೋಡಿಯ ಕಡಲಬದಿಯ ಮರಳಿನ ಮೇಲೆ ನಾವಿಬ್ಬರೂ ನಡೆಯುತ್ತೇವೆ. ನಾನು ಮಾತಾಡುತ್ತಾ ಹಿಂದೆ ಬಿದ್ದರೆ ಅವಳು ಸೀಟಿ ಊದುತ್ತಾಳೆ, ಬಲೆ ಸರಿಮಾಡುವ ಗಂಡಸರೆಲ್ಲ ತಲೆ ಎತ್ತಿ ನೋಡುತ್ತಾರೆ. ಇಂಥವಳ ಕೈಗೆ ಮೊಬೈಲು ಸಿಕ್ಕಿ ಎಲ್ಲೆಲ್ಲಿಯದೋ ವಿಡಿಯೋ ನೋಡಲು ಸುರು ಮಾಡಿದಳು. ಹೊರದೇಶದಲ್ಲಿ ಜನ ಕಾಡು ಗುಡ್ಡ ಹಿಡಿದು ತಿಂಗಳುಗಟ್ಟಲೆ ನಡೆಯುತ್ತಾರಂತೆ. ಅಷ್ಟು ದಿನದ ಊಟ ಬೆನ್ನ ಮೇಲೆ ಹೊರಲು ಆಗುತ್ತದೆಯೇ? ಅದಕ್ಕೆ ಹೊರಡುವ ಮೊದಲೇ ದಾರಿಯ ಊರುಗಳ ಅಂಚೆ ಕಚೇರಿಗೋ ಅಂಗಡಿಗೋ ತಮ್ಮ ಹೆಸರಿಗೆ ತಾವೇ ಡಬ್ಬ ಕಳಿಸಿಕೊಳ್ಳುವುದು. ನಡೆದು ಅಲ್ಲಿ ತಲುಪಿದಾಗ ಡಬ್ಬ ತೆಗೆದುಕೊಂಡು, ಚೀಲ ತುಂಬಿಸಿಕೊಂಡು ಮತ್ತೆ ನಡೆಯುವುದು.

"ಹೊತ್ಕಂಡ್ ನಡೂದ್ ಅಲ್ಲ ಮಾರಾಯ್ತಿ, ಕಳ್ಸ್ಕಂಡ್ ನಡೂದ್," ಎಂದು ಅವಳು ಕಣ್ಣರಳಿಸಿ ಹೇಳಿದ ದಿನವೇ ನನಗೆ ಗೊತ್ತಾಯಿತು, ನನ್ನ ಕತೆ ಮುಗಿಯಿತು ಎಂದು. ಅವಳ ಆಸೆ ಮಂಗಳೂರಿನಿಂದ ಕಾರವಾರದವರೆಗೆ ಇಡೀ ಕರಾವಳಿ ನಡೆಯುವುದು. ಅದಕ್ಕೆ ಮೊದಲು ಒಂದು ತಾಲೀಮು ಬೇಕು. ಬ್ರಹ್ಮಾವರದಿಂದ ಹೊರಟು ಬೈಂದೂರಿನ ಕಡಲಿನಲ್ಲಿ ಕಾಲು ತೊಳೆಯುವುದು. ಬಸ್ಸಿನಲ್ಲಾದರೆ ಒಂದು ನಿದ್ದೆಯ ದಾರಿ. ಹೆದ್ದಾರಿ ಬಿಟ್ಟು, ಬಾರ್ಕೂರಿನ ಒಳದಾರಿ, ಕೋಟದ ಗದ್ದೆ ಅಂಚು, ಹಟ್ಟಿಯಂಗಡಿಯ ಹೊಳೆಬದಿ, ತ್ರಾಸಿಯ ಮರಳು ಎಂದು ಸುತ್ತಿ ಬಳಸಿ ಹೋದರೆ ಸುಮಾರು ಒಂದು ವಾರ.

ನನ್ನ ಬೆನ್ನು ಅಷ್ಟಕ್ಕಷ್ಟೇ. ಒಣಮೀನಿನ ವ್ಯಾಪಾರ ನಮ್ಮದು, ನನ್ನ ಅಮ್ಮನ ಕಾಲದಿಂದ. ಬುಟ್ಟಿ ಎತ್ತಿ ಇಳಿಸಿ ಬೆನ್ನಿನ ಎಲುಬು ಎಲ್ಲೋ ಜಾರಿದೆ, ಭಾರ ಹೊರಬೇಡ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಅದಕ್ಕೇ ಈ ಡಬ್ಬ ಕಳಿಸುವ ಉಪಾಯ ನನಗೂ ಹಿಡಿಸಿತು. ಯೋಜನೆಯ ಕೆಲಸ ನನ್ನ ಮೇಲೇ ಬಿತ್ತು. ಅವಳಿಗೆ ಗೊತ್ತಿರುವುದು ದಾರಿ, ನನಗೆ ಗೊತ್ತಿರುವುದು ಮನೆಗಳು.

ನಮ್ಮ ಅಡಿಗೆಮನೆಯ ನೆಲದ ಮೇಲೆ ಪೇಪರು ಹಾಸಿ ಕುಳಿತೆವು. ಅವಳು ಮುಂಬಯಿ ಹೋಗುವವರು ಪೆಟ್ಟಿಗೆ ತೂಗುವ ಸ್ಪ್ರಿಂಗ್ ತಕ್ಕಡಿ ತಂದಿದ್ದಳು. ಜಗಳ ಅಲ್ಲಿಂದಲೇ ಸುರು. ಅವಳಿಗೆ ಬೇಕಾದದ್ದು ಖರ್ಜೂರ, ಬಾದಾಮಿ, ನೆಲಗಡಲೆ ಚಿಕ್ಕಿ. ನನಗೆ ಬೇಕಾದದ್ದು ಕುಚ್ಚಲಕ್ಕಿ ಅವಲಕ್ಕಿ, ಬೆಲ್ಲ, ಒಣ ಸಿಗಡಿ ಹುರಿದು ಕೊಬ್ಬರಿ ಹಾಕಿ ಕುಟ್ಟಿದ ಚಟ್ನಿ. ಸಿಗಡಿಗೆ ನಮ್ಮಲ್ಲಿ ಚಟ್ಲಿ ಎನ್ನುತ್ತೇವೆ, ಆ ಚಟ್ನಿ ಇದ್ದರೆ ನನಗೆ ಬೇರೆ ಏನೂ ಬೇಡ.

"ಅದ್ ನಾತ ಬತ್ತಿಲ್ಯಾ? ಬಸ್ಸಿನಲ್ ಜನ ಇಳ್ಸ್ತ್ರ್."

"ನಾತ ಅಲ್ಲ, ಪರಿಮಳ. ನಡುವುದ್ ನನ್ ಕಾಲ್, ಹಸಿವುದ್ ನನ್ ಹೊಟ್ಟಿ. ಖರ್ಜೂರ ಕೊಟ್ ಅದಕ್ ಮೋಸ ಮಾಡ್ಬ್ಯಾಡ."

ಕೊನೆಗೆ ಎರಡೂ ಹೋಯಿತು. ಪ್ರತಿ ಡಬ್ಬವನ್ನೂ ಬಟ್ಟೆಯಲ್ಲಿ ಸುತ್ತಿ ಹೊಲಿದು, ಸುತ್ತ ನೂಲು ಬಿಗಿದು, ಮೇಲೆ ದಪ್ಪ ಪೆನ್ನಿನಲ್ಲಿ ಅವಳು ಹೇಳಿದಂತೆ ಬರೆದೆ: ಬಿಚ್ಚಬೇಡಿ, ನಾನೇ ಬಂದು ತೆಗೆದುಕೊಳ್ಳುತ್ತೇನೆ.

ಬಾರ್ಕೂರಿನಲ್ಲಿ ನನ್ನ ಚಿಕ್ಕಮ್ಮ. ಕೋಟದಲ್ಲಿ ಗೆಳತಿಯ ಜೊತೆ ಕೆಲಸ ಮಾಡಿದ ಡ್ರಾಯಿಂಗ್ ಟೀಚರು. ಹೆಮ್ಮಾಡಿಯಲ್ಲಿ ಸೇವಂತಿಗೆ ಬೆಳೆಯುವ, ನನ್ನಲ್ಲಿ ಒಣಮೀನು ಕೊಳ್ಳುವ ಹೆಂಗಸು. ಹೀಗೆ ಒಂದೊಂದೇ ತಂಗುವ ಮನೆ ಗೊತ್ತಾಗುತ್ತಾ ಬಂದು ಕಡೆಯ ಊರಿಗೆ ನಿಂತಿತು.

"ಬೈಂದೂರಿನಲ್ ಲಾಡ್ಜ್ ಇತ್ತ್," ಎಂದಳು ಗೆಳತಿ, ನನ್ನ ಮುಖ ನೋಡದೆ.

"ಮನಿ ಇತ್ತಲೆ," ಎಂದೆ ನಾನು.

ಅವಳು ತಕ್ಕಡಿ ಕೆಳಗಿಟ್ಟಳು. ಬೈಂದೂರಿನಲ್ಲಿ ಇದ್ದ ಮನೆ ನನ್ನ ಮಗಳನ್ನು ಕೊಟ್ಟ ಮನೆ. ಕೊಟ್ಟದ್ದು ಎಂದರೆ ತಪ್ಪಾಗುತ್ತದೆ, ಅವರಿಬ್ಬರೇ ಮೆಚ್ಚಿ ಮಾಡಿಕೊಂಡದ್ದು. ಅವರು ಗದ್ದೆ ತೋಟ ಇದ್ದ ಮನೆತನ, ಮುಂಬಯಿಯಲ್ಲಿ ಹೋಟೆಲು ನಡೆಸಿದವರು. ನಾವು ಕಡಲಿನವರು. ರಿಜಿಸ್ಟ್ರಾರ್ ಕಚೇರಿಯಲ್ಲಿ ಎರಡೂ ಕಡೆಯವರು ಸಹಿ ಹಾಕಿದೆವು, ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡೆವು, ಅವರವರ ಕಾರಿನಲ್ಲಿ ಅವರವರ ಊರಿಗೆ ಹೋದೆವು. ಆಮೇಲೆ ಎರಡು ವರ್ಷ ಯಾರೂ ಯಾರ ಮನೆಗೂ ಹೋಗಲಿಲ್ಲ. ಜಗಳ ಇಲ್ಲ, ಒಂದು ಕೆಟ್ಟ ಮಾತೂ ಇಲ್ಲ. ಅದೇ ಕಷ್ಟ. ಜಗಳವಾಗಿದ್ದರೆ ರಾಜಿಯಾದರೂ ಮಾಡಿಕೊಳ್ಳಬಹುದಿತ್ತು.

ಮಗಳು ಬೈಂದೂರಿನ ಹತ್ತಿರವೇ ಶಾಲೆಯಲ್ಲಿ ಪಾಠ ಮಾಡುತ್ತಾಳೆ. ತಿಂಗಳಿಗೊಮ್ಮೆ ಗಂಡನ ಜೊತೆ ನಮ್ಮ ಮನೆಗೆ ಬರುತ್ತಾಳೆ, ಉಂಡು ಹೋಗುತ್ತಾಳೆ. ಅತ್ತೆಯ ಮಾತು ಎತ್ತಿದರೆ "ಒಳ್ಳೆಯವ್ರೇ" ಎನ್ನುತ್ತಾಳೆ, ಬೇರೆ ಮಾತು ತೆಗೆಯುತ್ತಾಳೆ. ನನ್ನ ಮಗಳು ಸಣ್ಣವಳಿದ್ದಾಗ ಬಾಯಿ ಮುಚ್ಚಿಸಲು ನಾನು ಬೆತ್ತ ಹುಡುಕಬೇಕಾಗುತ್ತಿತ್ತು. ಈಗ ಅವಳು ಎರಡು ಮನೆಯ ನಡುವೆ ಮಾತು ತೂಗಿ ತೂಗಿ ಆಡುತ್ತಾಳೆ. ಬೀಗರ ಮನೆಯ ಮೆಟ್ಟಿಲನ್ನು ಕರೆಯದೆ ತುಳಿಯುವ ಹಾಗಿಲ್ಲ. ನಮ್ಮಲ್ಲಿ ಗಂಡಿನ ಮನೆಯವರು ಊಟಕ್ಕೆ ಕರೆಯಬೇಕು, ಆಮೇಲೆ ನಾವು ಹೋಗಬೇಕು. ಅವರು ಕರೆದಿರಲಿಲ್ಲ. ಮೀನು ಒಣಗಿಸುವವರನ್ನು ಕರೆಯುವ ಮನಸ್ಸಿಲ್ಲ ಎಂದು ನಾನು ತಿಳಿದುಕೊಂಡಿದ್ದೆ. ಸಿಟ್ಟು ಬರುತ್ತಿತ್ತು, ಅಳುವೂ ಬರುತ್ತಿತ್ತು.

ಆದರೆ ನನ್ನ ಸ್ವಂತ ಡಬ್ಬ ತೆಗೆದುಕೊಂಡು ಬರಲು ಯಾರ ಕರೆ ಬೇಕು?

"ಪಾರ್ಸೆಲ್ ತಕಂಬುಕೆ ಬಪ್ಪವ್ಳಿಗೆ ಕರೆಯೋಲೆ ಬ್ಯಾಡ ಅಲ್ದಾ?" ಎಂದೆ.

ಗೆಳತಿ ನಕ್ಕು ನಕ್ಕು ಗೋಡೆಗೆ ಒರಗಿದಳು. "ಇದ್ ಯಾವ್ ವಿಡಿಯೋದಲ್ಲೂ ಇಲ್ಲೆ!"

ಬಾಕಿ ಡಬ್ಬಗಳನ್ನು ಬಸ್ಸಿನಲ್ಲಿ ಕಳಿಸಿದೆ. ನಮ್ಮ ಕಡೆ ಬಸ್ಸು ಬರೀ ಜನರನ್ನು ಸಾಗಿಸುವುದಿಲ್ಲ. ಮರೆತು ಬಂದ ಕನ್ನಡಕ, ಅಳತೆಯ ರವಿಕೆ, ಮದುವೆ ಕಾಗದದ ಕಟ್ಟು, ಬಸಳೆಯ ಕಟ್ಟು ಎಲ್ಲವೂ ಡ್ರೈವರಿನ ಪಕ್ಕದಲ್ಲಿ ಕುಳಿತು ಪ್ರಯಾಣ ಮಾಡುತ್ತವೆ. ಇಂಥ ಅಂಗಡಿಯಲ್ಲಿ ಕೊಡಿ ಎಂದರೆ ಕಂಡಕ್ಟರು ತಲೆ ಅಲ್ಲಾಡಿಸುತ್ತಾನೆ, ಸಾಮಾನು ತಲುಪುತ್ತದೆ. ಬೈಂದೂರಿನ ಡಬ್ಬವನ್ನು ಮಾತ್ರ ಅಂಚೆಯಲ್ಲಿ ಹಾಕಿದೆ. ಬಸ್ಸಿನಲ್ಲಿ ಬಂದದ್ದು ನೆಂಟಸ್ತಿಕೆಯ ಉಡುಗೊರೆ ಎನಿಸಿಕೊಳ್ಳುತ್ತದೆ. ಅಂಚೆಯವನು ತಂದುಕೊಟ್ಟದ್ದು ಬರೀ ಅಂಚೆ, ಅದನ್ನು ಬೇಡ ಎನ್ನಲು ಯಾರಿಗೂ ಮುಖ ಬರುವುದಿಲ್ಲ.

ಜನವರಿಯ ತಣ್ಣನೆ ಬೆಳಿಗ್ಗೆ ಬ್ರಹ್ಮಾವರದಲ್ಲಿ ಬಸ್ಸು ಇಳಿದು, ಚಾ ಕುಡಿದು ಹೊರಟೆವು. ಚೀಲದಲ್ಲಿ ಎರಡು ಜೊತೆ ಬಟ್ಟೆ, ನೀರು, ಮುಲಾಮು. ನನ್ನ ಬೆನ್ನು ಹಾಡು ಹೇಳುವಷ್ಟು ಖುಷಿಯಲ್ಲಿತ್ತು. ಹೊಳೆ ದಾಟಿ ಬಾರ್ಕೂರಿನ ಓಣಿಗಳನ್ನೆಲ್ಲ ಬೇಕೆಂದೇ ಸುತ್ತಿದೆವು. ಎಲ್ಲಿಗೂ ತಡವಾಗುತ್ತಿಲ್ಲ ಎಂಬುದೇ ಒಂದು ಸುಖ. ಮದುವೆಯಾದ ಮೇಲೆ ನಾನು ಹೊರಟದ್ದೆಲ್ಲ ಯಾರದೋ ಮದುವೆಗೆ, ಸತ್ತವರ ಬೊಜ್ಜಕ್ಕೆ, ಆಸ್ಪತ್ರೆಗೆ. ಸುಮ್ಮನೆ ಹೊರಟದ್ದು ಇದೇ ಮೊದಲು.

ಚಿಕ್ಕಮ್ಮನ ಮನೆ ತಲುಪಿ ಕಾಲು ತೊಳೆದು "ನನ್ ಡಬ್ಬ ಬಂತಾ?" ಎಂದು ಕೇಳಿದೆ.

"ಬಂತ್, ಬಂತ್. ಲಾಯ್ಕ್ ಇತ್ತ್ ಚಟ್ನಿ. ಆಚಿಮನಿಯವ್ರಿಗೂ ಒಂಚೂರ್ ಕೊಟ್ಟೆ, ಈಚಿಮನಿಯವ್ರಿಗೂ ಕೊಟ್ಟೆ."

"ಚಿಕ್ಕಮ್ಮ! ಬಿಚ್ಬೇಡಿ ಅಂದ್ಹೇಳಿ ಬರ್ದಿದ್ದೆ ಅಲ್ದಾ?"

"ಅದ್ ಬಸ್ಸಿನವ್ರಿಗ್ ಬರ್ದದ್ ಅಂದ್ಕಂಡೆ. ನಂಗ್ ಎಂತಕೆ ಬರೀತೆ ನೀನ್?" ಎಂದ ಚಿಕ್ಕಮ್ಮನ ಮುಖ ಒಮ್ಮೆಲೇ ಕೆಂಪಾಯಿತು. "ಅಲ್ಲ, ನಮ್ಮನಿಗ್ ಬಪ್ಪುಕೆ ಅವಲಕ್ಕಿ ಕಟ್ಕಂಡ್ ಬತ್ಯಾ? ನಮ್ಮನಿಲ್ ಅಕ್ಕಿ ಮುಗ್ದಿತ್ತಾ?"

ಅವಲಕ್ಕಿಗೆ ಆಗಲೇ ಒಗ್ಗರಣೆ ಬಿದ್ದು ಎಲ್ಲರೂ ತಿಂದಾಗಿತ್ತು. ಖರ್ಜೂರ ಮೊಮ್ಮಕ್ಕಳ ಹೊಟ್ಟೆಗೆ ಹೋಗಿತ್ತು. ನಮಗೆ ಅವತ್ತು ಬಿಸಿ ಅನ್ನ, ಬಂಗುಡೆ ಸಾರು, ಹೊಟ್ಟೆ ಬಿರಿಯುವಷ್ಟು. ಬೆಳಿಗ್ಗೆ ಹೊರಡುವಾಗ ಖಾಲಿ ಡಬ್ಬ ಕೇಳಿದೆ. ಖಾಲಿ ಡಬ್ಬ ಹೇಗೆ ವಾಪಸು ಕೊಡುವುದು? ಬೇಸಿಗೆಯ ಹಲಸಿನ ಹಪ್ಪಳ ಉಳಿದದ್ದನ್ನೆಲ್ಲ ಒತ್ತಿ ತುಂಬಿಸಿ, ಮೇಲೆ ಒಂದು ಬಾಟಲಿ ಮಾವಿನ ಮಿಡಿ ಉಪ್ಪಿನಕಾಯಿಯನ್ನೂ ಕೊಟ್ಟಳು.

ಗೆಳತಿ ಗೇಟಿನ ಹೊರಗೆ ನನ್ನ ಚೀಲವನ್ನು ತಕ್ಕಡಿಗೆ ಸಿಕ್ಕಿಸಿ ನೋಡಿದಳು. ನಿನ್ನೆಗಿಂತ ದುಪ್ಪಟ್ಟು. "ನಡೂದ್ ನಾವ್, ಉಂಬುದ್ ಚೀಲ," ಎಂದಳು.

ಕೋಟದಲ್ಲಿ ಡ್ರಾಯಿಂಗ್ ಟೀಚರ ಮನೆಯಲ್ಲೂ ಅದೇ. ಅವರು ಓದಿದವರು, ಬಿಚ್ಚಲಿಕ್ಕಿಲ್ಲ ಎಂದು ಗೆಳತಿ ಧೈರ್ಯ ಕೊಟ್ಟಿದ್ದಳು. ಅವರು ಬಿಚ್ಚಿ, ಚಟ್ನಿ ಮುಗಿಸಿ, ಕರಡಿಗೆಯನ್ನು ಸಾಬೂನು ಹಾಕಿ ತೊಳೆದು ಒರೆಸಿ, ಒಳಗೆ ರವೆ ಉಂಡೆ ಜೋಡಿಸಿ, ಹೊಸ ನೂಲಿನಿಂದ ನನಗಿಂತ ಚೆಂದ ಕಟ್ಟಿಟ್ಟಿದ್ದರು. ನಾನು ಬರೆದ ಅಕ್ಷರ ಸೊಟ್ಟಗಿತ್ತೆಂದು ಅದನ್ನೂ ತಿದ್ದಿ ಬರೆದಿದ್ದರು. ಬಿಚ್ಚಬೇಡಿ ಎಂಬುದು ಈಗ ಮುತ್ತಿನಂತೆ ಕಾಣುತ್ತಿತ್ತು. ನನಗೆ ತಲೆ ಕೆಟ್ಟಿತು. ಗದ್ದೆ ಅಂಚಿನ ಮೇಲೆ ಗೊಣಗುತ್ತಲೇ ನಡೆದೆ. ತಿಂಗಳುಗಟ್ಟಲೆ ಲೆಕ್ಕ ಹಾಕಿ, ಹಗುರವಾಗಲಿ ಎಂದು ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕೂಡ ಅರ್ಧ ಮುರಿಸಿದ್ದಳು ಈ ಪುಣ್ಯಾತ್ಗಿತ್ತಿ, ಈಗ ನಾನು ಉಂಡೆ ಹೊತ್ತು ಹೋಗುತ್ತಿದ್ದೇನೆ! ತಿರುಗಿ ನೋಡಿದರೆ ಗೆಳತಿಯ ಬಾಯಲ್ಲಿ ಉಂಡೆ.

ಕುಂದಾಪುರ ದಾಟುವಾಗ ನಮ್ಮ ಮನೆಗಳ ಒಳಗೆ ಹೋಗಬಾರದೆಂದು ಗೆಳತಿಯ ಕಟ್ಟುನಿಟ್ಟು. ಒಳಗೆ ಹೋದರೆ ಸೋಫಾದಿಂದ ಏಳುವುದಿಲ್ಲವಂತೆ. ನನ್ನ ಗಂಡ ರಸ್ತೆಬದಿಯಲ್ಲಿ ಫ್ಲಾಸ್ಕು ಹಿಡಿದು ನಿಂತಿದ್ದರು. ಬಂದರಿಗೆ ಮಂಜುಗಡ್ಡೆ ಒದಗಿಸುವ ಕೆಲಸ ಅವರದು, ಮಾತು ಕಮ್ಮಿ. ನಾನು ಹಪ್ಪಳ, ಉಪ್ಪಿನಕಾಯಿ, ಅರ್ಧ ಉಂಡೆಯನ್ನು ಅವರ ಕೈಗೆ ದಾಟಿಸಿದೆ. ಅವರು ಚಾ ಸುರಿಯುತ್ತಾ, "ಬೈಂದೂರಿನಲ್ ಅವ್ರ್ ಮನಿಗ್ ಹೋಪುದ್ ಖರೆಯಾ?" ಎಂದು ಕೇಳಿದರು.

"ಡಬ್ಬ ತಕಂಡ್ ಬತ್ತೆ, ಅಷ್ಟೇ."

"ಹೂಂ," ಎಂದರು. ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ, "ಒಳ್ಗ್ ಕರದ್ರೆ ಹೋಗ್, ಸಿಟ್ ಮಾಡ್ಬ್ಯಾಡ," ಎಂದರು. ಎರಡು ವರ್ಷದಲ್ಲಿ ಅವರು ಈ ವಿಷಯ ಎತ್ತಿದ್ದು ಅದೇ ಮೊದಲು. ನಾನೊಬ್ಬಳೇ ಇದನ್ನು ಹೊತ್ತುಕೊಂಡು ತಿರುಗುತ್ತಿದ್ದೇನೆ ಎಂದುಕೊಂಡಿದ್ದೆ.

ಹಟ್ಟಿಯಂಗಡಿಯಲ್ಲಿ ಗಣಪತಿಗೆ ಕೈ ಮುಗಿದು, ಮಧ್ಯಾಹ್ನ ಅಲ್ಲೇ ಉಂಡು, ಹೊಳೆಯ ಗಾಳಿಗೆ ಸ್ವಲ್ಪ ಕಣ್ಣು ಮುಚ್ಚಿ ಹೆಮ್ಮಾಡಿಗೆ ಹೊರಟೆವು. ಸೇವಂತಿಗೆಯ ಕಾಲ. ಗದ್ದೆಗಳೆಲ್ಲ ಹಳದಿ, ದೂರದಿಂದಲೇ ಪರಿಮಳ. ಗದ್ದೆಯಲ್ಲಿ ಹೂ ಕೊಯ್ಯುತ್ತಿದ್ದ ಆ ಮನೆಯ ಹೆಂಗಸು ನಮ್ಮನ್ನು ಕಂಡದ್ದೇ "ಹ್ವಾಯ್! ಬನ್ನಿ ಬನ್ನಿ! ನಿಮ್ ಚಟ್ನಿ ನಿನ್ನೆಗೇ ಖಾಲಿ!" ಎಂದು ಕೂಗಿದಳು. ಇಡೀ ಹೆಮ್ಮಾಡಿಗೆ ಕೇಳಿರಬೇಕು. ನನಗೆ ಸಿಟ್ಟು ಬರುವ ಬದಲು ನಗು ಬಂತು. ನಕ್ಕು ನಕ್ಕು ಬದುವಿನ ಮೇಲೆ ಕುಳಿತುಬಿಟ್ಟೆ. ಅವಳು ನಮ್ಮಿಬ್ಬರಿಗೂ ಮೊಳಗಟ್ಟಲೆ ಹೂ ಮುಡಿಸಿದಳು. ಗೆಳತಿಯ ಗಂಡುಮಕ್ಕಳಂಥ ಕ್ರಾಪಿಗೂ ಹೇಗೋ ಪಿನ್ನು ಹಾಕಿ ನಿಲ್ಲಿಸಿದಳು.

ಸಂಜೆ ಅವಳ ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದಾಗ ಮಗಳ ಫೋನು ಬಂತು.

"ಅಬ್ಬಿ, ನಿಂದೊಂದ್ ಡಬ್ಬ ಬಂದ್ ಕೂತಿತ್ತಲೆ. ಎಂತ ಇದ್?"

"ದಾರಿಗ್ ತಿಂಬುಕೆ. ನಾನ್ ನಡ್ಕಂಡ್ ಬತ್ತಾ ಇದ್ದೆ, ತಕಂಡ್ ಹೋತೆ."

"ಇಲ್ಲಿಗಾ? ಮನಿಗಾ?"

"ಮನಿಗೇ. ನಿನ್ ಅತ್ತೆ ಎಂತ ಹೇಳ್ರ್?"

"ಎಂತದೂ ಹೇಳ್ಲಿಲ್ಲೆ. ಓದಿ, ಜಗಲಿ ಕಪಾಟಿನ್ ಮೇಲ್ ಇಟ್ರ್."

"ಬಿಚ್ಲಿಲ್ಯಾ?"

"ಬಿಚ್ಬೇಡಿ ಅಂದ್ಹೇಳಿ ನೀನೇ ಬರ್ದದ್ ಅಲ್ದಾ ಅಬ್ಬಿ?"

ಫೋನು ಇಟ್ಟೆ. ಅಲ್ಲಿಯವರೆಗೆ ಇದ್ದ ಹಗುರ ಎಲ್ಲಿ ಹೋಯಿತೋ. ಚಿಕ್ಕಮ್ಮ ಬಿಚ್ಚಿದಳು, ಡ್ರಾಯಿಂಗ್ ಟೀಚರು ಬಿಚ್ಚಿದರು, ಈ ಹೂವಿನವಳು ಬಿಚ್ಚಿದಳು. ಒಬ್ಬರೂ ನಾನು ಬರೆದದ್ದಕ್ಕೆ ಮೂರು ಕಾಸಿನ ಬೆಲೆ ಕೊಡಲಿಲ್ಲ. ನಾನು ಅವರವಳು, ನನ್ನ ಡಬ್ಬ ಅವರದು. ಬರೆದದ್ದನ್ನು ಬರೆದ ಹಾಗೆ ಪಾಲಿಸಿದ್ದು ಒಂದೇ ಮನೆ. ಪರರ ಸಾಮಾನನ್ನು ಹಾಗಲ್ಲವೇ ಇಟ್ಟುಕೊಳ್ಳುವುದು? ದಾರಿಯುದ್ದಕ್ಕೂ ಯಾಕೆ ಬಿಚ್ಚಿದಿರಿ ಎಂದು ಎಲ್ಲರ ಮೇಲೆ ಹರಿಹಾಯ್ದವಳು ನಾನು. ಈಗ ದೇವರೇ, ಅವರೂ ಬಿಚ್ಚಿಬಿಡಲಿ ಎಂದು ಬೇಡಿಕೊಳ್ಳುವ ಹಾಗಾಯಿತು. ಗೆಳತಿಗೆ ಹೇಳಿದೆ. ಅವಳು ನನ್ನ ಬೆನ್ನಿಗೆ ಮುಲಾಮು ತಿಕ್ಕುತ್ತಾ, "ಬ್ಯಾಡಾದ್ರೆ ಲಾಡ್ಜಿಗೇ ಹೋಪ," ಎಂದಳು.

"ಬ್ಯಾಡ. ನಂಗ್ ಆ ಮನಿಗೇ ಹೋಯ್ಕ್."

ತ್ರಾಸಿಯಿಂದ ಮರವಂತೆಯವರೆಗೆ ನೀರಂಚಿನಲ್ಲೇ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆವು. ಕಡಲು ಚೆನ್ನಾಗಿಯೇ ಇತ್ತು. ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಿದ್ದ ಘಟ್ಟದ ಮೇಲಿನ ಹುಡುಗಿಯರು, ಹೂ ಮುಡಿದು, ಕೊರಳಿಗೆ ಸೀಟಿ ಹಾಕಿಕೊಂಡು, ಚೀಲ ಹೊತ್ತ ಈ ಇಬ್ಬರು ಹೆಂಗಸರನ್ನು ಕಂಡು ನಮ್ಮ ಜೊತೆಯೂ ಫೋಟೋ ತೆಗೆಸಿಕೊಂಡರು. ಎಲ್ಲಿಂದ ಎಲ್ಲಿಗೆ ಎಂದು ಕೇಳಿ ಬಾಯಿಬಿಟ್ಟರು. ಗೆಳತಿ ಆ ಹೆಮ್ಮೆಯಲ್ಲಿ ಅವರಿಗೆ ಮಂಡಿ ಬಗ್ಗಿಸುವ ವ್ಯಾಯಾಮ ಹೇಳಿಕೊಟ್ಟಳು. ಮರಳಿನಲ್ಲೇ ಕ್ಲಾಸು ನಡೆಯಿತು, ನಾನೂ ಬಗ್ಗಿದೆ, ನಕ್ಕೆ. ನಾವುಂದ ದಾಟಿ ಒಂದು ರಾತ್ರಿ ತಂಗಿ, ಮರುದಿನ ಉಪ್ಪುಂದ ದಾಟುವಷ್ಟರಲ್ಲಿ ನನಗೆ ಮಾತು ನಿಂತಿತ್ತು. ಯಾರಾದರೂ ಏನಾದರೂ ಅಂದರೆ ತಿರುಗಿ ಹೇಳುವುದು ನನಗೆ ಬರುತ್ತದೆ. ಏನೂ ಅನ್ನದಿದ್ದರೆ ಏನು ಮಾಡುವುದು ಎಂದು ಗೊತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಆ ಮನೆಯ ಗೇಟು ತೆರೆದೆವು. ಗಂಡಸರು ಯಾರೂ ಇರಲಿಲ್ಲ, ಮಗಳು ಶಾಲೆಯಲ್ಲಿ. ಬೀಗಿತ್ತಿ ಸೆರಗಿಗೆ ಕೈ ಒರೆಸುತ್ತಾ ಹೊರಗೆ ಬಂದರು. ನನ್ನ ವಯಸ್ಸು, ನನಗಿಂತ ಎತ್ತರ. ನಮ್ಮ ಮಣ್ಣುಗಾಲನ್ನು ನೋಡಿದರು, ಬಾಡಿದ ಹೂವನ್ನು ನೋಡಿದರು.

"ಬಂದ್ರ್ಯಾ," ಎಂದರು. ಅಷ್ಟೇ. ಒಳಗೆ ಹೋದರು.

ಎರಡೂ ಕೈಯಲ್ಲಿ ನನ್ನ ಡಬ್ಬ ಹಿಡಿದು ಬಂದರು. ನೂಲು ಹಾಗೇ ಇತ್ತು, ನಾನು ಹಾಕಿದ ಗಂಟು ಹಾಗೇ ಇತ್ತು. "ಕಾಣಿ. ನಿಮ್ದ್ ನಿಮ್ಗೆ. ನಾವ್ ಮುಟ್ಲಿಲ್ಲೆ."

ತೆಗೆದುಕೊಂಡೆ. ಕಣ್ಣಲ್ಲಿ ನೀರು ಬಂದದ್ದು ಕಾಣಬಾರದೆಂದು ಡಬ್ಬವನ್ನೇ ನೋಡುತ್ತಾ, "ಹಾಂಗಾರೆ ಬತ್ತೆ," ಎಂದು ತಿರುಗಿದೆ. ಒಂದು ಕಾಲು ಮೆಟ್ಟಿಲ ಮೇಲಿತ್ತು.

"ಅರೇ, ಬತ್ತೆ ಅಂದ್ರ್ ಎಂತ?" ಹಿಂದಿನಿಂದ ದನಿ ಏರಿತು. "ಎಲ್ಲಿಗ್ ಹೋಪುದ್? ಎರಡ್ ವರ್ಷ ಆಯ್ತ್, ಹೆಣ್ಣಿನ್ ಕಡೆಯರ್ ಇವತ್ ಬತ್ರ್, ನಾಳೆ ಬತ್ರ್ ಅಂದ್ಹೇಳಿ ಕಾದದ್ದೇ ಆಯ್ತ್. ಕಡಿಗೆ ಬಂದದ್ ಒಂದ್ ಡಬ್ಬ! ಅದ್ರ್ ಮೇಲೂ ಬಿಚ್ಬೇಡಿ ಅಂದ್ ಬರ್ದಿರಿ. ನಾವೇನ್ ಕಳ್ಳರಾ?"

ನನಗೆ ನನ್ನ ನಾಲಿಗೆ ವಾಪಸು ಸಿಕ್ಕಿತು. "ನೀವ್ ಕರೀದೆ ನಾವ್ ಹ್ಯಾಂಗ್ ಬಪ್ಪುದ್? ಗಂಡಿನ್ ಕಡೆಯರ್ ಅಲ್ದಾ ಕರಿಬೇಕಾದ್ದ್?"

"ಹೆಣ್ಣಿನ್ ಕಡೆಯರ್ ಮೊದ್ಲ್ ಬಂದ್ ಮನಿ ಕಾಣೂದ್, ಆಮೇಲ್ ನಾವ್ ಕರೂದ್. ನಮ್ಮನಿ ಕ್ರಮ ಅದ್!"

"ನಮ್ಮನಿ ಕ್ರಮ ಹಾಂಗಲ್ಲ!"

"ಮತ್ ಒಂದ್ ಫೋನ್ ಮಾಡಿ ಕೇಂಬುಕೆ ಎಂತ ಆಗಿತ್ತ್?"

"ನಿಮ್ಗ್ ಎಂತ ಆಗಿತ್ತ್? ಫೋನ್ ನಿಮ್ಮನಿಲೂ ಇತ್ತಲೆ!"

ಇಬ್ಬರ ದನಿಯೂ ಗೇಟು ದಾಟಿ ರಸ್ತೆಗೆ ಹೋಗಿತ್ತು. ಆಗ ಗೆಳತಿ ಸೀಟಿ ಊದಿದಳು. ಮೈದಾನದಲ್ಲಿ ಹುಡುಗರ ಹೊಡೆದಾಟ ಬಿಡಿಸಲು ಊದುತ್ತಿದ್ದ ಹಾಗೆ, ಉಸಿರು ಕಟ್ಟಿ, ಉದ್ದಕ್ಕೆ. ಪಕ್ಕದ ಮನೆಯ ನಾಯಿ ಬೊಗಳಲು ಸುರು ಮಾಡಿತು. ಬೀಗಿತ್ತಿ ಬಾಯಿ ತೆರೆದವರು ಹಾಗೇ ನಿಂತರು. ನಾನೂ ನಿಂತೆ. ಗೆಳತಿ ಸೀಟಿ ಬಾಯಿಂದ ತೆಗೆದು, "ಇಬ್ರದ್ದೂ ತಪ್ಪ್. ನಂಗ್ ಹಸಿವಾತ್ತ್," ಎಂದಳು.

ಮೊದಲು ನಕ್ಕದ್ದು ಯಾರು ಎಂದು ಈಗಲೂ ನಮ್ಮಲ್ಲಿ ತಕರಾರಿದೆ. ನಾನು ಅವರೆನ್ನುತ್ತೇನೆ, ಅವರು ನಾನೆನ್ನುತ್ತಾರೆ. ಎರಡು ವರ್ಷ ಎರಡು ಮನೆಯವರು ಒಬ್ಬರು ಇನ್ನೊಬ್ಬರ ದಾರಿ ಕಾಯುತ್ತಾ, ಮರ್ಯಾದೆಯಿಂದ, ಕ್ರಮ ತಪ್ಪಬಾರದೆಂದು ಕುಳಿತಿದ್ದೆವು! ಅವರು ನಗುತ್ತಾ ಕಂಬ ಹಿಡಿದುಕೊಂಡರು, ನಾನು ಮೆಟ್ಟಿಲ ಮೇಲೇ ಕುಳಿತೆ. ಎದೆಯಿಂದ ಏನೋ ಇಳಿದು ಹೋದದ್ದು ನನಗೆ ಚೆನ್ನಾಗಿ ಗೊತ್ತಾಯಿತು.

"ಒಳ್ಗೆಂತ ಇತ್ತ್ ಅದ್ರಲ್?" ಎಂದು ಕೇಳಿದರು, ಕಣ್ಣೊರೆಸಿಕೊಂಡು.

"ಒಣ ಚಟ್ಲಿ ಚಟ್ನಿ." ಹೇಳುವಾಗ ಸ್ವಲ್ಪ ಅಳುಕಿತ್ತು.

"ಗೊತ್ತಿತ್ತ್. ನಂಗ್ ಮೂಗಿಲ್ಯಾ? ನಮ್ ಬೆಕ್ಕ್ ಆ ಕಪಾಟಿನಡಿ ಬಿಟ್ ಏಳ್ತಿಲ್ಲೆ. ಮುಂಬೈಲ್ ನಮ್ದ್ ವೆಜ್ ಹೋಟ್ಲ್, ಅದ್ರ್ ಮೇಲೇ ಮನಿ. ಅಷ್ಟ್ ವರ್ಷ ಒಂದ್ ಒಣಮೀನ್ ಸುಡೂಕಾಯ್ಲಿಲ್ಲೆ. ಈಗ ಇದ್ ಬಂದ್ ಎದ್ರಿಗ್ ಕೂತಿತ್ತ್, ಮೇಲ್ ಬಿಚ್ಬೇಡಿ ಅಂದ್ ಹುಕುಂ! ನೀವ್ ಮನ್ಷರಾ?"

ನನ್ನ ಗಂಟು ಬೆರಳಿಗೆ ಬಿಚ್ಚಲಿಲ್ಲ. ಅವರೇ ತರಕಾರಿ ಹೆಚ್ಚುವ ಮೆಟ್ಟುಕತ್ತಿಯ ಮುಂದೆ ಕುಳಿತು ನೂಲನ್ನು ಕಚಕ್ಕೆಂದು ಕತ್ತರಿಸಿದರು. ಅಡಿಗೆಮನೆಯಲ್ಲಿ ಮೇಜು ಕುರ್ಚಿ ಇತ್ತು, ಆದರೂ ನಾವು ಮೂವರೂ ನೆಲದಲ್ಲೇ ಕುಳಿತೆವು, ನಡೆದ ಕಾಲಿಗೆ ತಣ್ಣನೆ ನೆಲ ಹಿತವಾಗಿತ್ತು. ಕುಚ್ಚಲಕ್ಕಿ ಗಂಜಿ ಬಡಿಸಿದರು. ಕಡಲಿನಲ್ಲಿ ಕಾಲು ತೊಳೆಯುವುದು ಬಾಕಿ ಇದೆಯೆಂದು ಗೆಳತಿಗೆ ನೆನಪಿಸಿದೆ. "ಕಡ್ಲ್ ಎಲ್ಲಿಗೂ ಹೋತಿಲ್ಲೆ, ಮೊದ್ಲ್ ಉಂಬ," ಎಂದು ಅವಳು ಬಟ್ಟಲು ಮುಂದೆ ಎಳೆದುಕೊಂಡಳು.

ಬೀಗಿತ್ತಿ ಒಂದು ಚಿಟಿಕೆ ಚಟ್ನಿ ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು.

"ಹುಳಿ ಒಂಚೂರ್ ಕಮ್ಮಿ."

"ದಾರಿ ಚಟ್ನಿಗ್ ಹುಳಿ ಹೆಚ್ ಹಾಕೂಕಿಲ್ಲೆ, ಕೆಡ್ತ್."

"ಹುಣ್ಸಿ ಹುರ್ದ್ ಹಾಕಿ, ಕೆಡ್ತಿಲ್ಲೆ."

ನನ್ನ ಅಮ್ಮನ ಚಟ್ನಿಗೆ ತಪ್ಪು ಹೇಳಿದವರನ್ನು ನಾನು ಸುಮ್ಮನೆ ಬಿಟ್ಟದ್ದಿಲ್ಲ. ಅವತ್ತು ಬಿಟ್ಟೆ. ತಪ್ಪು ಹೇಳುತ್ತಲೇ ಅವರು ಮೂರನೆಯ ಸಲ ಡಬ್ಬಕ್ಕೆ ಕೈ ಹಾಕಿದ್ದರು. ಆ ಕೈಯನ್ನು ನೋಡುತ್ತಾ ನನಗೆ ಆದ ಸಂತೋಷಕ್ಕೆ ಬೈಂದೂರಿನಿಂದ ಬ್ರಹ್ಮಾವರಕ್ಕೆ ತಿರುಗಿ ನಡೆಯಬಹುದಿತ್ತು.

ಉಂಡಾದ ಮೇಲೂ ನಾವು ಏಳಲಿಲ್ಲ. ಡಬ್ಬ ನಡುವೆ, ಸುತ್ತ ನಾವು. ಇನ್ನೊಮ್ಮೆ ಗಂಜಿ ಬಂತು. ಕ್ರಮದ ಜಗಳ ಮತ್ತೆ ಸುರುವಾಗಿತ್ತು. ಈಗ ಮಾತು ಮಗುವಾದರೆ ತೊಟ್ಟಿಲು ಯಾರ ಮನೆಯಿಂದ ಬರಬೇಕು ಎಂಬಲ್ಲಿಗೆ ಹೋಗಿತ್ತು. ಮಗುವಿನ ಸುದ್ದಿಯೇ ಇಲ್ಲ, ಆದರೂ ಇಬ್ಬರೂ ಸೋಲಲಿಲ್ಲ. ಹೊರಗೆ ಸ್ಕೂಟರು ನಿಂತ ಶಬ್ದ ನಮಗೆ ಕೇಳಲಿಲ್ಲ.

ತಲೆ ಎತ್ತಿದರೆ ಮಗಳು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಹೆಲ್ಮೆಟ್ಟು ಹಾಕಿಕೊಂಡೇ. ಒಂದು ಕೈಯಲ್ಲಿ ಶಾಲೆಯ ಚೀಲ. ನಮ್ಮನ್ನು ನೋಡಿದಳು, ಕತ್ತರಿಸಿ ಬಿದ್ದ ನೂಲನ್ನು ನೋಡಿದಳು, ಮತ್ತೆ ನಮ್ಮನ್ನು ನೋಡಿದಳು. ಯಾರ ಹತ್ತಿರ ಮೊದಲು ಬರಬೇಕೆಂದು ಗೊತ್ತಾಗದವಳ ಹಾಗೆ ಅಲ್ಲೇ ನಿಂತಳು.

"ಹೀಂಗ್ ಕಾಣ್ತಾ ನಿಂತ್ರೆ ಸಿಕ್ಕುದಿಲ್ಲೆ ಹೆಣ್ಣೆ," ಎಂದರು ಅವಳ ಅತ್ತೆ, ಡಬ್ಬದಿಂದ ಕೈ ತೆಗೆಯದೆ. "ಬಟ್ಲ್ ತಕಂಡ್ ನಿನ್ ಅಬ್ಬಿ ಹತ್ರ ಕೂಕೋ. ಚಟ್ನಿ ಮುಗೀತಾ ಬಂತ್."

ಅವಳು ಬಟ್ಟಲು ತರಲಿಲ್ಲ. ಬಂದು ನಮ್ಮಿಬ್ಬರ ನಡುವಿನ ಸಣ್ಣ ಜಾಗದಲ್ಲಿ ಹೆಲ್ಮೆಟ್ಟಿನ ಸಮೇತ ಕುಳಿತುಬಿಟ್ಟಳು. ಅವಳ ಗಲ್ಲದ ಕೆಳಗಿನ ಪಟ್ಟಿಯನ್ನು ನಾನೇ ಕಳಚಿದೆ. ಅದು ಪೂರ್ತಿ ಒದ್ದೆಯಾಗಿತ್ತು.